ತುರಾಯಿಯನ್ನು ಕೈಬಿಡಬೇಡಿ

ಮಾನ್ಯರೇ,

1950ರ ‘ಸಿರಾನೋ ದ ಬೆರ್ಜರಾಕ್’ ಚಲನಚಿತ್ರವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೂ ಕೊನೆಯ ಪುಟದ ಆರೇಳು ಸಾಲುಗಳು ನನ್ನನ್ನು ತಡೆದು ನಿಲ್ಲಿಸಿದ್ದರಿಂದ, ಎರಡು ಸಾಲಿನ ವಿಷಾದಪತ್ರ ಕಳುಹಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ.

ಹತ್ತು ಪುಟಗಳಲ್ಲಿ ಏಳು ಪುಟ ಕಥಾಸಾರಕ್ಕೇ ಹೋಗಿವೆ. ದೊಡ್ಡ ಮೂಗಿನ ಕವಿಯೂ ಕತ್ತಿವರಸೆಗಾರನೂ ಆದ ಸಿರಾನೋ, ತಾನು ಗುಟ್ಟಾಗಿ ಪ್ರೀತಿಸುವ ರೊಕ್ಸಾನಳಿಗೆ, ರೂಪವಿದ್ದೂ ಮಾತು ಬಾರದ ಕ್ರಿಸ್ಟಿಯನ್‌ನ ಹೆಸರಿನಲ್ಲಿ ಪ್ರೇಮಪತ್ರಗಳನ್ನು ಬರೆದುಕೊಡುತ್ತಾನೆ ಎಂದಿಷ್ಟು ಹೇಳಿದರೆ ಸಾಕು. ಉಳಿದದ್ದನ್ನು ಓದುಗರು ತಾವೇ ಊಹಿಸಿಕೊಳ್ಳುತ್ತಾರೆ. ಇನ್ನು ಸಿರಾನೋ ಪಾತ್ರದಲ್ಲಿ ಹೊಸೆ ಫೆರರ್ ಅವರ ಅಭಿನಯವನ್ನು ನೀವು ‘ಅಮೋಘ’ ಎಂದು ಮೂರು ಬಾರಿ, ‘ಮನೋಜ್ಞ’ ಎಂದು ಎರಡು ಬಾರಿ ಬಣ್ಣಿಸಿದ್ದೀರಿ. ಆಸ್ಕರ್ ಬಂದದ್ದನ್ನೂ ಹೇಳಿದ್ದೀರಿ. ಆದರೆ ಚಿತ್ರಕ್ಕೆ ಮೊದಲೇ ಅವರು ಇದೇ ಪಾತ್ರವನ್ನು ರಂಗದ ಮೇಲೆ ಆಡಿ 1947ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದಿದ್ದರೆಂಬ, ನಿಮ್ಮ ವಾದಕ್ಕೆ ನಿಜವಾಗಿ ಬೇಕಿದ್ದ ಸಂಗತಿಯನ್ನೇ ಬಿಟ್ಟಿದ್ದೀರಿ.

ಚಿತ್ರಕ್ಕೆ ಆಧಾರವಾದ ನಾಟಕದ ಮೊದಲ ಅಂಕದಲ್ಲಿ ಒಬ್ಬ ವೈಕೌಂಟ್, ಅಂದರೆ ಕುಲೀನ ಬಿರುದಿನವನು, ಸಿರಾನೋನ ಎದುರು ನಿಂತು ‘ನಿಮ್ಮ ಮೂಗು ಬಹಳ ದೊಡ್ಡದು’ ಎನ್ನುತ್ತಾನಲ್ಲ, ಅದನ್ನು ನೆನಪಿಸಿಕೊಳ್ಳಿ. ಸಿರಾನೋನನ್ನು ಕೆರಳಿಸುವುದು ಆ ಅವಮಾನಕ್ಕಿಂತ ಹೆಚ್ಚಾಗಿ ಅದರ ಬಡತನ. ಇಷ್ಟೇನೇ ಎಂದು ಕೇಳಿ, ಅದೇ ಮಾತನ್ನು ಎಷ್ಟೆಲ್ಲ ಬಗೆಯಲ್ಲಿ ಹೇಳಬಹುದಿತ್ತೆಂದು ತಾನೇ ಹೇಳಿಕೊಡುತ್ತಾನೆ: ಅದು ಬಂಡೆ, ಅದು ಶಿಖರ, ಅದು ಭೂಶಿರ, ಭೂಶಿರವೇನು ಬಂತು, ಪರ್ಯಾಯದ್ವೀಪ! ‘ಅಮೋಘ’ ಎಂದು ಬರೆದು ಮುಂದೆ ಹೋಗುವಾಗ ನೀವು ಆ ವೈಕೌಂಟನ ಪಕ್ಕದಲ್ಲಿ ನಿಂತಿರುತ್ತೀರಿ. ಅದರ ಬೆನ್ನಿಗೇ ಬರುವ ಕಾಳಗವನ್ನು ‘ರೋಮಾಂಚಕಾರಿ’ ಎಂದು ಮುಗಿಸಿದ್ದೀರಿ. ಕತ್ತಿ ಬೀಸುತ್ತಲೇ ಸಿರಾನೋ ಬ್ಯಾಲಡ್ ಕಟ್ಟುತ್ತಾನೆ: ಎಂಟು ಸಾಲುಗಳ ಮೂರು ಪದ್ಯ, ಕೊನೆಗೆ ನಾಲ್ಕು ಸಾಲುಗಳ ಮುಕ್ತಾಯ, ಪ್ರತಿಯೊಂದರ ತುದಿಯಲ್ಲೂ ಅದೇ ಪಲ್ಲವಿ. ಮುಕ್ತಾಯದ ಕೊನೆಗೆ ಚುಚ್ಚುತ್ತೇನೆ ಎಂದು ಮೊದಲೇ ಸಾರಿ, ಪ್ರಾಸಗಳನ್ನು ಆರಿಸಿಕೊಳ್ಳುತ್ತೇನೆ, ತಾಳು ಎಂದು ಎದುರಾಳಿಯನ್ನೇ ಕಾಯಿಸುತ್ತಾನೆ. ಕತ್ತಿಯ ಮೊನೆಯೂ ಪದ್ಯದ ಕೊನೆಯೂ ಒಟ್ಟಿಗೆ ಬಂದು ತಾಗುತ್ತವೆಯೇ ಎಂಬುದೇ ಅಲ್ಲಿನ ಕುತೂಹಲ. ಪ್ರಾಸಕ್ಕೆ ಕಿವಿ ಪಳಗಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಇನ್ನಾರಿಗೆ ಹೇಳುತ್ತೀರಿ?

ಎರಡು ತಪ್ಪುಗಳನ್ನು ತಿದ್ದಲೇಬೇಕು. ‘ರೋಸ್ತಾಂನ ಪ್ರಾಸದ ಇಂಪು ಚಿತ್ರದುದ್ದಕ್ಕೂ ಕೇಳುತ್ತದೆ’ ಎಂದಿದ್ದೀರಿ. 1897ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರಯೋಗಗೊಂಡ ಎಡ್ಮಂಡ್ ರೋಸ್ತಾಂನ ಮೂಲ ನಾಟಕ ಹನ್ನೆರಡು ಅಕ್ಷರಗಳ ಸಾಲುಗಳಲ್ಲಿ, ಅಂತ್ಯಪ್ರಾಸದಲ್ಲಿ ಇದೆ, ನಿಜ. ಆದರೆ ಈ ಚಿತ್ರ ಬಳಸಿಕೊಂಡದ್ದು ಬ್ರಯಾನ್ ಹೂಕರ್ ಅವರ ಇಂಗ್ಲಿಷ್ ಅನುವಾದವನ್ನು. ಅದು ಬಹುಮಟ್ಟಿಗೆ ಪ್ರಾಸವಿಲ್ಲದ ಪದ್ಯ. ಎರಡನೆಯದಾಗಿ, ಸಿರಾನೋ ನೂರು ಜನರೊಡನೆ ಒಬ್ಬನೇ ಕಾದಾಡುವ ಪ್ರಸಂಗ ನಾಟಕದಲ್ಲಿ ಮೊದಲ ಮತ್ತು ಎರಡನೆಯ ಅಂಕಗಳ ನಡುವೆ, ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ನಡೆದುಹೋಗುತ್ತದೆ. ಅದನ್ನು ತೆರೆಯ ಮೇಲೆ ತಂದು ತೋರಿಸಿದ್ದು ಚಿತ್ರ. ರಂಗದಿಂದ ತೆರೆಗೆ ಬಂದ ಕೃತಿಯ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ, ನೀವದನ್ನು ಗಮನಿಸದೆ ದಾಟಿದ್ದೀರಿ.

ಈಗ ನನ್ನನ್ನು ಹೆಚ್ಚು ಕಾಡಿದ ವಿಷಯ. ನಾಟಕದ ಕಟ್ಟಕಡೆಯ ಪದವಾದ ‘ಪನಾಶ್’ ಅನ್ನು ನೀವು ‘ಆತ್ಮಗೌರವ’ ಎಂದು ಅನುವಾದಿಸಿದ್ದೀರಿ. ಅರ್ಥ ತಪ್ಪೇನಲ್ಲ, ಆದರೆ ವಸ್ತು ಕೈತಪ್ಪಿಹೋಯಿತು. ಪನಾಶ್ ಎಂದರೆ ಮೊದಲಿಗೆ ಶಿರಸ್ತ್ರಾಣದ ಗರಿಗೊಂಚಲು. ಠೀವಿ, ಕೆಚ್ಚು ಎಂಬ ಅರ್ಥಗಳೆಲ್ಲ ಅದರಿಂದ ಹುಟ್ಟಿದವು. ನಾಲ್ಕನೆಯ ಅಂಕದಲ್ಲಿ, ಅರಾಸ್ ಪಟ್ಟಣದ ಮುತ್ತಿಗೆಯ ಹೊತ್ತಿನಲ್ಲಿ, ಸೇನಾಧಿಕಾರಿ ಕೌಂಟ್ ದ ಗೀಶ್ ತನ್ನ ಗುರುತು ಸಿಗದಿರಲೆಂದು ಬಿಳಿಯ ಪಟ್ಟಿಯನ್ನು ಕಿತ್ತೆಸೆದು ಪಾರಾದುದನ್ನು ಜಾಣತನವೆಂದು ಕೊಚ್ಚಿಕೊಂಡಾಗ, ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿ ಆ ಜಾಗದಲ್ಲಿದ್ದಿದ್ದರೆ ತನ್ನ ಬಿಳಿಯ ಗರಿಯನ್ನು ಎಂದೂ ಬಿಟ್ಟುಕೊಡುತ್ತಿರಲಿಲ್ಲ ಎಂದು ಸಿರಾನೋ ಚುಚ್ಚುತ್ತಾನೆ. ಆಮೇಲೆ ಆ ಪಟ್ಟಿಯನ್ನು ತನ್ನ ಜೇಬಿನಿಂದಲೇ ತೆಗೆದು ಕೊಡುತ್ತಾನೆ. ಕೊನೆಯ ಉಸಿರಿನಲ್ಲಿ ಬರುವುದು ಅದೇ ಗರಿ. ಹೂಕರ್ ಇದನ್ನು ಅರಿತೇ ಅಲ್ಲಿ ‘ನನ್ನ ಬಿಳಿಯ ಗರಿ’ ಎಂದು ವಸ್ತುವನ್ನೇ ಉಳಿಸಿಕೊಂಡರು. ಕನ್ನಡದಲ್ಲಿ ರುಮಾಲಿನ ಮೇಲೆ ನಿಲ್ಲುವ, ಕಂಡೊಡನೆ ಗತ್ತು ನೆನಪಾಗುವ ‘ತುರಾಯಿ’ ಎಂಬ ಸೊಗಸಾದ ಪದ ಇರುವಾಗ ‘ಆತ್ಮಗೌರವ’ದ ಮೊರೆ ಏಕೆ?

ನನ್ನನ್ನು ತಡೆದು ನಿಲ್ಲಿಸಿದ ಸಾಲುಗಳು ಇವು: ಆ ಮುತ್ತಿಗೆಯಲ್ಲಿ ಕ್ರಿಸ್ಟಿಯನ್ ಸತ್ತ ಹದಿನೈದು ವರ್ಷಗಳ ನಂತರ, ಕ್ರೈಸ್ತ ಸನ್ಯಾಸಿನಿಯರ ಮಠದ ತೋಟದಲ್ಲಿ ಸಿರಾನೋ ‘ಕ್ರಿಸ್ಟಿಯನ್‌ನ’ ಕೊನೆಯ ಪತ್ರವನ್ನು ಗಟ್ಟಿಯಾಗಿ ಓದುತ್ತಿರುವಾಗ ಕತ್ತಲಾಗುತ್ತದೆ, ಓದು ಮಾತ್ರ ನಿಲ್ಲುವುದಿಲ್ಲ, ಈ ಕತ್ತಲೆಯಲ್ಲಿ ಹೇಗೆ ಓದುತ್ತಿದ್ದೀರಿ ಎಂದು ರೊಕ್ಸಾನ್ ಕೇಳುತ್ತಾಳೆ. ‘ನಾನು ಪರದೆ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳಿದೆ’ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವು ಚಿತ್ರದ ಮುಂದೆ ಕುಳಿತದ್ದು ಅಲ್ಲಿ ಮಾತ್ರ. ಹಿಂದೊಮ್ಮೆ ಬಾಲ್ಕನಿಯ ಕೆಳಗಿನ ಕತ್ತಲೆಯಿಂದ, ಕ್ರಿಸ್ಟಿಯನ್‌ನದೆಂದು ನಂಬಿ ಅವಳು ಕೇಳಿದ್ದೂ ಅದೇ ದನಿಯನ್ನು ಎಂಬುದು ನಿಮಗೆ ಆಗ ಹೊಳೆಯಿತೇ? ಹೊಳೆದಿದ್ದರೆ ಏಕೆ ಬರೆಯಲಿಲ್ಲ?

ಆ ಮುಸ್ಸಂಜೆಯಿಂದಲೇ ಲೇಖನವನ್ನು ಆರಂಭಿಸಿ, ಸಾವಿರದ ಇನ್ನೂರು ಪದಗಳಿಗೆ ಮೀರದಂತೆ ಮತ್ತೆ ಬರೆದು ಕಳುಹಿಸಿ. ಮುಂದಿನ ತಿಂಗಳ ಕೊನೆಯವರೆಗೆ ಕಾಯುತ್ತೇನೆ.

ಇಂತಿ,
ಸಂಪಾದಕ