ರಿಪೋರ್ಟಿನ ಕೊನೆಯಲ್ಲಿ ‘ಬಿ-ರಾಫ್ ಪಾಸಿಟಿವ್’ ಅಂತ ಇದ್ದರೆ

ಪ್ರಶ್ನೆ: ನನಗೆ 38 ವರ್ಷ. ಥೈರಾಯ್ಡ್‌ನಲ್ಲಿದ್ದ 1.4 ಸೆಂ.ಮೀ. ಗಡ್ಡೆ ಪ್ಯಾಪಿಲರಿ ಕ್ಯಾನ್ಸರ್ ಎಂದು ಗೊತ್ತಾಗಿ ಆಪರೇಷನ್ ಆಯಿತು. ಗಡ್ಡೆ ಗ್ರಂಥಿಯ ಒಳಗೇ ಇತ್ತು, ಲಿಂಫ್ ಗಂಟುಗಳಿಗೆ ಹರಡಿಲ್ಲ ಎಂದು ರಿಪೋರ್ಟ್ ಹೇಳುತ್ತದೆ. ಆದರೆ ಕೊನೆಯಲ್ಲಿ ‘ಬಿ-ರಾಫ್ ವಿ600ಇ ಪಾಸಿಟಿವ್’ ಎಂಬ ಸಾಲಿದೆ. ಇಂಟರ್ನೆಟ್‌ನಲ್ಲಿ ನೋಡಿದರೆ ಇದು ಕೆಟ್ಟ ಕ್ಯಾನ್ಸರಿನ ಗುರುತು, ಸಾವಿನ ಅಪಾಯ ಜಾಸ್ತಿ ಅಂತೆಲ್ಲ ಬರೆದಿದ್ದಾರೆ. ನಿದ್ದೆ ಬರುತ್ತಿಲ್ಲ ಡಾಕ್ಟ್ರೇ. ನನ್ನ ಮಗಳಿಗಿನ್ನೂ ಆರು ವರ್ಷ. ಅವಳಿಗೂ ಇದು ಬರುತ್ತಾ?
— ಹೆಸರು ಬೇಡ

ಉತ್ತರ: ಮಗಳ ವಿಷಯ ಮೊದಲು. ಪತ್ರದ ಕೊನೆಗೆ ಬರೆದಿದ್ದೀರಿ, ಆದರೆ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ ಅಲ್ವಾ? ಈ ಬದಲಾವಣೆ ನಿಮಗೆ ಹುಟ್ಟಿನಿಂದ ಬಂದದ್ದಲ್ಲ. ಆ ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಆದದ್ದು. ಮಗಳಿಗೆ ದಾಟುವಂಥದ್ದಲ್ಲ. ಇದಕ್ಕಾಗಿ ಅವಳಿಗೆ ಯಾವ ಟೆಸ್ಟೂ ಬೇಡ.

ಇನ್ನು ಆ ಸಾಲಿನ ಕಥೆ. ಬಿ-ರಾಫ್ ಎಂಬುದು ನಮ್ಮೆಲ್ಲರಲ್ಲೂ ಇರುವ ಜೀನ್. ಜೀವಕೋಶಕ್ಕೆ ‘ಬೆಳೆ’ ಎಂದು ಸೂಚನೆ ಕೊಡುವ ಪ್ರೋಟೀನ್ ಇದರಿಂದ ತಯಾರಾಗುತ್ತದೆ. ಪ್ರೋಟೀನ್ ಅಂದರೆ ಅಮೈನೋ ಆಸಿಡ್‌ಗಳ ಸರಪಳಿ. ಆ ಸರಪಳಿಯ 600ನೇ ಜಾಗದಲ್ಲಿ ವ್ಯಾಲೀನ್ ಎಂಬ ಅಮೈನೋ ಆಸಿಡ್ ಇರಬೇಕು. ಅದರ ಬದಲು ಗ್ಲುಟಾಮಿಕ್ ಆಸಿಡ್ ಬಂದು ಕೂತರೆ ‘ಬೆಳೆ’ ಎಂಬ ಸೂಚನೆ ನಿಲ್ಲುವುದೇ ಇಲ್ಲ. ವಿ600ಇ ಅಂದರೆ ಇಷ್ಟೇ.

ಪ್ಯಾಪಿಲರಿ ಕ್ಯಾನ್ಸರ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಈ ಬದಲಾವಣೆ ಇರುತ್ತದೆ. ಇದನ್ನು ಇಂಟರ್ನೆಟ್ ನಿಮಗೆ ಮೊದಲು ಹೇಳಬೇಕಿತ್ತು. ಪ್ಯಾಪಿಲರಿ ಕ್ಯಾನ್ಸರ್ ಆದ ಬಹುಪಾಲು ಜನ ಚಿಕಿತ್ಸೆಯ ನಂತರ ಆರಾಮಾಗಿ ಬಹಳ ವರ್ಷ ಬದುಕುತ್ತಾರೆ. ಅಷ್ಟು ಜನರಲ್ಲಿ ಅರ್ಧ ಮಂದಿಗೆ ಇರುವ ಗುರುತು, ಅದೊಂದೇ ಇದ್ದರೆ, ಸಾವಿನ ಗುರುತು ಹೇಗಾಗುತ್ತದೆ?

ನೀವು ಓದಿದ ಸಾವಿನ ಮಾತು 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಿಂದ ಬಂದಿರಬಹುದು. ಏಳು ದೇಶಗಳ 1,849 ಪ್ಯಾಪಿಲರಿ ರೋಗಿಗಳ ದಾಖಲೆಗಳನ್ನು ಅದರಲ್ಲಿ ನೋಡಿದ್ದರು. ಬಿ-ರಾಫ್ ಪಾಸಿಟಿವ್ ಇದ್ದವರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಶೇ. 5.3, ಇಲ್ಲದವರಲ್ಲಿ ಶೇ. 1.1. ಇಲ್ಲಿಗೇ ಓದುವುದು ನಿಲ್ಲಿಸಿದರೆ ಯಾರಿಗಾದರೂ ಭಯವಾಗುತ್ತದೆ. ಆದರೆ ಲಿಂಫ್ ಗಂಟುಗಳಿಗೆ ಹರಡಿದ್ದು, ಗ್ರಂಥಿಯ ಹೊರಗೆ ದಾಟಿದ್ದು, ದೂರದ ಅಂಗಗಳಿಗೆ ಹೋಗಿದ್ದು, ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಬಿ-ರಾಫ್ ಒಂದರಿಂದಲೇ ಸಾವು ಹೆಚ್ಚುತ್ತದೆ ಎಂದು ಹೇಳಲು ಆಗಲಿಲ್ಲ. ಅಂದರೆ ಗಡ್ಡೆ ಹೇಗೆ ವರ್ತಿಸಿದೆ ಎಂಬುದೇ ಮುಖ್ಯವಾಯಿತು. ನಿಮ್ಮ ರಿಪೋರ್ಟ್ ಮತ್ತೆ ಓದಿ. ಗ್ರಂಥಿಯ ಒಳಗೇ ಇತ್ತು, ಲಿಂಫ್ ಗಂಟುಗಳು ಸ್ವಚ್ಛ. ಆ ಎರಡು ಮಾತಿಗೆ ಕೊನೆಯ ಸಾಲಿಗಿಂತ ತೂಕ ಜಾಸ್ತಿ.

ಹಾಗಂತ ಬಿ-ರಾಫ್‌ಗೆ ಅರ್ಥವೇ ಇಲ್ಲ ಎಂದು ನಿಮ್ಮನ್ನು ಸುಮ್ನೆ ಸಮಾಧಾನ ಮಾಡಲು ಹೇಳುವುದಿಲ್ಲ. ಕ್ಯಾನ್ಸರ್ ಮರಳಿ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ಬಂದರೂ ಸಾಮಾನ್ಯವಾಗಿ ಕುತ್ತಿಗೆಯ ಲಿಂಫ್ ಗಂಟುಗಳಲ್ಲಿ. ಅಲ್ಟ್ರಾಸೌಂಡ್‌ನಲ್ಲಿ ಬೇಗ ಸಿಗುತ್ತದೆ, ಚಿಕಿತ್ಸೆಯೂ ಇದೆ. ಹಾಗಾಗಿ ಕುತ್ತಿಗೆಯ ಸ್ಕ್ಯಾನ್ ತಪ್ಪಿಸಬೇಡಿ.

ನಿಮ್ಮ ಡಾಕ್ಟರ್ ಹತ್ತಿರ ಒಂದು ಪ್ರಶ್ನೆ ಕೇಳಿ: ‘ಟರ್ಟ್’ ಎಂಬ ಜೀನನ್ನೂ ಪರೀಕ್ಷೆ ಮಾಡಿದ್ದಾರಾ? ನನಗೆ ನಿಜವಾಗಿ ಎಚ್ಚರ ಮೂಡಿಸುವುದು ಬಿ-ರಾಫ್, ಟರ್ಟ್ ಎರಡರಲ್ಲೂ ಬದಲಾವಣೆ ಇರುವ ಗಡ್ಡೆ. ಎರಡೂ ಜೊತೆಯಾದರೆ ಮರಳಿ ಬರುವ ಅಪಾಯವೂ ಸಾವಿನ ಅಪಾಯವೂ ಒಂದೊಂದೇ ಇದ್ದಾಗಿನದಕ್ಕಿಂತ ಬಹಳ ಏರುತ್ತವೆ. ಟರ್ಟ್ ಬದಲಾವಣೆ ಸಾಮಾನ್ಯವಾಗಿ ವಯಸ್ಸಾದವರ, ದೊಡ್ಡದಾದ, ಹರಡಿದ ಗಡ್ಡೆಗಳಲ್ಲಿ ಸಿಗುತ್ತದೆ. ನಿಮ್ಮಂಥ ಗಡ್ಡೆಯಲ್ಲಿ ಅಪರೂಪ. ಪರೀಕ್ಷೆ ಮಾಡಿಲ್ಲ ಎಂದರೂ ಗಾಬರಿ ಬೇಡ. ಇನ್ನೊಂದು ಮಾತು. 55 ವರ್ಷದೊಳಗಿನವರಿಗೆ, ದೂರದ ಅಂಗಗಳಿಗೆ ಹರಡಿರದಿದ್ದರೆ, ಈ ಕ್ಯಾನ್ಸರ್ ಮೊದಲನೇ ಹಂತ ಎಂದೇ ಲೆಕ್ಕ. ಹಂತ ನಿರ್ಧರಿಸುವಾಗ ಬಿ-ರಾಫ್ ಅನ್ನು ನೋಡುವುದೇ ಇಲ್ಲ.

ಈ ಜೀನಿನ ಬಗ್ಗೆ ನನಗೆ ಸಿಟ್ಟಿಲ್ಲ. ಅನಾಪ್ಲಾಸ್ಟಿಕ್ ಎಂಬ ಅತಿ ಉಗ್ರ ಥೈರಾಯ್ಡ್ ಕ್ಯಾನ್ಸರಿಗೆ ಬಹಳ ಕಾಲ ಕೊಡಲು ಹೇಳಿಕೊಳ್ಳುವಂಥ ಔಷಧಿಯೇ ಇರಲಿಲ್ಲ. 2018ರಲ್ಲಿ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಜೋಡಿ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಸಿಗುವುದು ವಿ600ಇ ಇರುವ ರೋಗಿಗಳಿಗೇ. ಅಂಥ ರೋಗಿಯ ರಿಪೋರ್ಟಿನಲ್ಲಿ ಈ ಸಾಲು ಕಂಡರೆ ನಮಗೆ ಒಂದು ದಾರಿ ತೆರೆದಂತಾಗುತ್ತದೆ.

ಪ್ರಶ್ನೆ: ಅಮ್ಮನಿಗೆ 61 ವರ್ಷ. ಪ್ಯಾಪಿಲರಿ ಕ್ಯಾನ್ಸರಿಗೆ ಇಡೀ ಥೈರಾಯ್ಡ್ ತೆಗೆದು ರೇಡಿಯೋ ಅಯೋಡಿನ್ ಕೊಟ್ಟಿದ್ದಾರೆ. ಥೈರೋಗ್ಲಾಬ್ಯುಲಿನ್ 0.1 ಬಂದಿದೆ, ನಾವೆಲ್ಲ ಖುಷಿಪಟ್ಟೆವು. ಡಾಕ್ಟರ್ ಮಾತ್ರ ‘ಆಂಟಿಬಾಡಿ ಇದೆ, ಈ ನಂಬರ್ ನಂಬಲು ಬರುವುದಿಲ್ಲ’ ಎಂದರು. ಅದೇನು?

ಉತ್ತರ: ನಿಮ್ಮ ಡಾಕ್ಟರ್ ಸರಿಯಾಗಿಯೇ ಹೇಳಿದ್ದಾರೆ. ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನನ್ನು ತಯಾರು ಮಾಡುವುದು ಥೈರಾಯ್ಡ್ ಜೀವಕೋಶಗಳು ಮಾತ್ರ. ಇಡೀ ಗ್ರಂಥಿ ತೆಗೆದು, ಅಳಿದುಳಿದ ಥೈರಾಯ್ಡ್ ಜೀವಕೋಶಗಳನ್ನು ನಾಶಮಾಡುವ ರೇಡಿಯೋ ಅಯೋಡಿನ್ ಕೊಟ್ಟ ಮೇಲೂ ಅದು ರಕ್ತದಲ್ಲಿದ್ದರೆ ಎಲ್ಲೋ ಜೀವಕೋಶ ಉಳಿದಿದೆ ಎಂದರ್ಥ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಅದು 0.2ಕ್ಕಿಂತ ಕಡಿಮೆ ಇದ್ದು, ಆಂಟಿಬಾಡಿಯೂ ಇಲ್ಲದೆ, ಸ್ಕ್ಯಾನ್ ಕೂಡ ಸರಿ ಇದ್ದರೆ ಬಹಳ ಒಳ್ಳೆಯ ಫಲಿತಾಂಶ.

ಆದರೆ ಈ ಕ್ಯಾನ್ಸರಿನ ಐವರಲ್ಲಿ ಒಬ್ಬರಿಗಾದರೂ ಥೈರೋಗ್ಲಾಬ್ಯುಲಿನ್ ವಿರುದ್ಧವೇ ಆಂಟಿಬಾಡಿ ಇರುತ್ತದೆ. ಅದು ಹೋಗಿ ಅಂಟಿಕೊಂಡರೆ ಲ್ಯಾಬಿನ ಮಷಿನ್‌ಗೆ ಥೈರೋಗ್ಲಾಬ್ಯುಲಿನ್ ಕಾಣುವುದಿಲ್ಲ. ಇದ್ದರೂ ಇಲ್ಲ ಎಂದು ತೋರಿಸುತ್ತದೆ.

ಬೇಸರ ಬೇಡ, ಆ ಆಂಟಿಬಾಡಿಯನ್ನೇ ನಾವು ಸೂಚಕವಾಗಿ ಬಳಸುತ್ತೇವೆ. ಥೈರಾಯ್ಡ್ ಜೀವಕೋಶ ಇಲ್ಲದಿದ್ದರೆ ಆಂಟಿಬಾಡಿಯೂ ನಿಧಾನವಾಗಿ ಇಳಿಯುತ್ತದೆ. ಪೂರ್ತಿ ಹೋಗಲು ಕೆಲವು ವರ್ಷ ಬೇಕಾಗಬಹುದು. ಇಳಿಯುತ್ತಾ ಹೋದರೆ ಒಳ್ಳೆಯದು. ಇಳಿದದ್ದು ಮತ್ತೆ ಏರಲು ಶುರುವಾದರೆ, ಅಥವಾ ಮೊದಲು ಇಲ್ಲದವರಲ್ಲಿ ಹೊಸದಾಗಿ ಕಾಣಿಸಿಕೊಂಡರೆ, ಕ್ಯಾನ್ಸರ್ ಮರಳಿದೆಯಾ ಎಂದು ಹುಡುಕಬೇಕು. ಅಯೋಡಿನ್ ಕೊಟ್ಟ ಮೊದಲ ಕೆಲವು ತಿಂಗಳು ಸ್ವಲ್ಪ ಏರುವುದುಂಟು, ಅದಕ್ಕೆ ಹೆದರಬೇಡಿ.

ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ, ದಯವಿಟ್ಟು. ಒಂದು ಲ್ಯಾಬಿನ 60ನ್ನು ಇನ್ನೊಂದರ 90ರ ಜೊತೆ ಹೋಲಿಸಿ ಅಳುವವರನ್ನು ನೋಡಿದ್ದೇನೆ. ಅಳತೆಯ ವಿಧಾನವೇ ಬೇರೆ ಇರುತ್ತದೆ. ಥೈರಾಯ್ಡ್ ಜೀವಕೋಶಗಳನ್ನು ಪ್ರಚೋದಿಸುವ ಟಿಎಸ್‌ಎಚ್ ಎಂಬ ಹಾರ್ಮೋನನ್ನೂ ಜೊತೆಯಲ್ಲೇ ನೋಡಬೇಕು, ಅದು ಏರಿದರೆ ಥೈರೋಗ್ಲಾಬ್ಯುಲಿನ್ ಏರುತ್ತದೆ. ಕೂದಲಿಗೆ ಎಂದು ಅಮ್ಮ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕೆಲವು ಮಷಿನ್‌ಗಳಲ್ಲಿ ಅದರಿಂದ ಸುಳ್ಳು ನಂಬರ್ ಬರುತ್ತದೆ.

ಪ್ರಶ್ನೆ: ಅಣ್ಣನಿಗೆ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಆದ ಮೇಲೂ ಕ್ಯಾಲ್ಸಿಟೋನಿನ್ ಸೊನ್ನೆಗೆ ಬಂದಿಲ್ಲ. ಮುಂದೇನು? ನಾನೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೊದಲ ಪತ್ರ ಬರೆದವರಿಗೆ ಮಕ್ಕಳಿಗೆ ದಾಟುವುದಿಲ್ಲ ಎಂದೆ. ನಿಮ್ಮ ಮನೆಯ ವಿಷಯ ಹಾಗಲ್ಲ, ಗಮನವಿಟ್ಟು ಓದಿ. ಮೆಡುಲ್ಲರಿ ಕ್ಯಾನ್ಸರ್ ನಾಲ್ವರಲ್ಲಿ ಒಬ್ಬರಿಗೆ ವಂಶದಿಂದ ಬರುತ್ತದೆ. ಕಾರಣ ‘ರೆಟ್’ ಎಂಬ ಜೀನ್. ಅಣ್ಣನಿಗೆ ಮೊದಲು ರಕ್ತದಲ್ಲಿ ರೆಟ್ ಪರೀಕ್ಷೆ ಆಗಬೇಕು. ಈ ಕ್ಯಾನ್ಸರ್ ಬಂದ ಎಲ್ಲರಿಗೂ ಮಾಡಿಸಬೇಕಾದ ಪರೀಕ್ಷೆ ಇದು. ಅವರಿಗೆ ನೆಗೆಟಿವ್ ಬಂದರೆ ಸಾಮಾನ್ಯವಾಗಿ ನೀವು ನಿಶ್ಚಿಂತೆಯಿಂದ ಇರಬಹುದು. ಪಾಸಿಟಿವ್ ಬಂದರೆ ನಿಮಗೂ ಅವರ ಮಕ್ಕಳಿಗೂ ತಡಮಾಡದೆ ಮಾಡಿಸಿ. ಅವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವು ಬಗೆಯ ರೆಟ್ ಬದಲಾವಣೆ ಇದ್ದರೆ ಐದು ವರ್ಷದೊಳಗೆ, ಎಲ್ಲಕ್ಕಿಂತ ಉಗ್ರವಾದ ಬಗೆಯಲ್ಲಿ ಮೊದಲ ವರ್ಷದಲ್ಲೇ, ಮಗುವಿನ ಥೈರಾಯ್ಡ್ ತೆಗೆದುಬಿಡುತ್ತಾರೆ. ಕೇಳಲು ಕಷ್ಟ. ಆದರೆ ಕ್ಯಾನ್ಸರ್ ಹುಟ್ಟುವ ಮೊದಲೇ ತಡೆಯಲು ಆಗುವ ಅಪರೂಪದ ಸಂದರ್ಭ ಇದು.

ಇನ್ನು ಕ್ಯಾಲ್ಸಿಟೋನಿನ್. ಇದು ಮೆಡುಲ್ಲರಿ ಕ್ಯಾನ್ಸರಿನ ಜೀವಕೋಶಗಳು ರಕ್ತಕ್ಕೆ ಬಿಡುವ ಹಾರ್ಮೋನ್. ಅದು ಎಷ್ಟಿದೆ ಎನ್ನುವುದರ ಜೊತೆಗೆ ಎಷ್ಟು ಬೇಗ ದುಪ್ಪಟ್ಟಾಗುತ್ತಿದೆ ಎಂದು ನೋಡುತ್ತೇವೆ. ಆರು ತಿಂಗಳಿಗಿಂತ ಬೇಗ ದುಪ್ಪಟ್ಟಾದರೆ ರೋಗ ಜೋರಾಗಿದೆ. ಎರಡು ವರ್ಷಕ್ಕಿಂತ ಹೆಚ್ಚು ಹಿಡಿದರೆ ಎಷ್ಟೋ ಜನ ಬೇರೆ ಚಿಕಿತ್ಸೆ ಇಲ್ಲದೆಯೇ, ಬರೀ ತಪಾಸಣೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ. ಸಿಇಎ ಎಂಬ ಇನ್ನೊಂದು ರಕ್ತ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ. ಅಣ್ಣನ ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಡಾಕ್ಟರ್ ಮುಂದೆ ಇಡಿ. ಈ ಲೆಕ್ಕ ಹಾಕಲು ಅವರಿಗೆ ಬೇಕಾಗಿರುವುದು ಅದೇ.