ಗಾಜಿನ ಮೇಲೆ ಗಾಜು

ಪ್ರಶ್ನೆ: ಕಡು ನೀಲಿ ಗಾಜಿನ ಹೂದಾನಿಯೊಂದನ್ನು ನೋಡಿದೆ. ಮೇಲೆಲ್ಲ ಬಿಳಿ ಬಳ್ಳಿ, ಎಲೆಗಳು ಉಬ್ಬಿಕೊಂಡಿವೆ. ಅವನ್ನು ಅಂಟಿಸಿರುತ್ತಾರಾ?

ಉತ್ತರ: ಇಲ್ಲ, ಎಲೆಗಳ ಸುತ್ತ ಇದ್ದ ಬಿಳಿ ಗಾಜನ್ನು ಕೆತ್ತಿ ತೆಗೆದಿರುತ್ತಾರೆ. ಇದಕ್ಕೆ ಕ್ಯಾಮಿಯೊ ಗಾಜು ಅಂತಾರೆ. ಊದುಕೊಳವೆಯ ತುದಿಯಲ್ಲಿ ನೀಲಿ ಗಾಜಿನ ಮುದ್ದೆ ತೆಗೆದುಕೊಂಡು, ಸ್ವಲ್ಪ ಊದಿ, ಕರಗಿದ ಬಿಳಿ ಗಾಜಿನಲ್ಲಿ ಅದ್ದುತ್ತಾರೆ. ಇಲ್ಲವೇ ಬಿಳಿ ಗಾಜಿನ ಬಟ್ಟಲು ಮಾಡಿಕೊಂಡು ಅದರೊಳಗೆ ನೀಲಿ ಮುದ್ದೆಯನ್ನು ಊದುತ್ತಾರೆ. ಆಮೇಲೆ ಎರಡೂ ಒಂದಾಗಿ ಹಿಗ್ಗಿ ಹೂದಾನಿಯ ಆಕಾರಕ್ಕೆ ಬರುತ್ತವೆ.

ನಿಜವಾದ ಕಷ್ಟ ಇರುವುದು ತಣಿಸುವಾಗ. ಎರಡು ಬಣ್ಣದ ಗಾಜು ಅಂದರೆ ಎರಡು ಬೇರೆ ಮಿಶ್ರಣ. ತಣ್ಣಗಾಗುವಾಗ ಒಂದು ಜಾಸ್ತಿ ಕುಗ್ಗಿ ಇನ್ನೊಂದು ಕಡಿಮೆ ಕುಗ್ಗಿದರೆ ಒಳಗೊಳಗೇ ಎಳೆತ ಉಳಿದುಬಿಡುತ್ತದೆ, ಕೆಲವೊಮ್ಮೆ ಅದು ಕೆತ್ತನೆ ಶುರುವಾದ ಮೇಲೆ ಬಿರುಕಾಗಿ ಹೊರಬೀಳುತ್ತದೆ. ಅದಕ್ಕೇ ಸಮನಾಗಿ ಕುಗ್ಗುವ ಗಾಜುಗಳನ್ನೇ ಜೋಡಿ ಮಾಡಬೇಕು, ಒಲೆಯೊಳಗೆ ನಿಧಾನವಾಗಿ ತಣಿಸಬೇಕು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪೋರ್ಟ್‌ಲ್ಯಾಂಡ್ ಹೂದಾನಿ ರೋಮನ್ನರ ಕಾಲದ್ದು, ಸುಮಾರು 2,000 ವರ್ಷ ಹಳೆಯದು. ಎತ್ತರ ಬರೀ 24 ಸೆಂ.ಮೀ.ನಷ್ಟು. 1845ರಲ್ಲಿ ಒಬ್ಬ ಕುಡುಕ ಅದನ್ನು ಒಡೆದು ಚೂರುಚೂರು ಮಾಡಿದ, ಆಮೇಲೆ ಚೂರುಗಳನ್ನು ಕೂಡಿಸಿದರು. ಜಾನ್ ನಾರ್ತ್‌ವುಡ್ ಎಂಬ ಇಂಗ್ಲೆಂಡಿನ ಕುಶಲಕರ್ಮಿ ಮೂರು ವರ್ಷ ಕೆತ್ತಿ 1876ರಲ್ಲಿ ಅದರದೇ ಪ್ರತಿ ಮುಗಿಸಿದರು, ಅದೂ ಕೆತ್ತುವಾಗ ಬಿರುಕು ಬಿಟ್ಟಿತ್ತು! ಆದರೂ ಕೈಬಿಡಲಿಲ್ಲವಲ್ಲ, ಅದಕ್ಕೇ ನನಗೆ ಅವರ ಮೇಲೆ ಅಷ್ಟು ಗೌರವ.

ಪ್ರಶ್ನೆ: ಆಸಿಡ್ ಹಾಕಿಯೂ ಮಾಡುತ್ತಾರಂತೆ. ಮನೆಯಲ್ಲಿ ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಉಳಿಯಬೇಕಾದ ಚಿತ್ರಕ್ಕೆ ಮೇಣ ಅಥವಾ ಡಾಂಬರಿನಂಥದ್ದು ಬಳಿದು, ಮಿಕ್ಕಿದ್ದನ್ನು ಹೈಡ್ರೋಫ್ಲೋರಿಕ್ ಆಮ್ಲ ತಿನ್ನಲು ಬಿಡುತ್ತಾರೆ. ಫ್ರಾನ್ಸಿನ ನ್ಯಾನ್ಸಿ ಊರಿನ ಎಮಿಲ್ ಗ್ಯಾಲೆ ಕಾರ್ಖಾನೆಯಲ್ಲಿ ಈ ಕ್ರಮದಿಂದಲೇ ತುಂಬಾ ಹೂದಾನಿಗಳಾದವು. ಆದರೆ ಆ ಆಮ್ಲ ಚರ್ಮದೊಳಕ್ಕೆ ಇಳಿದು ಮೂಳೆಯನ್ನೂ ಕೆಡಿಸುತ್ತದೆ, ತೆಳುವಾಗಿದ್ದರೆ ನೋವು ಗಂಟೆಗಟ್ಟಲೆ ತಡವಾಗಿ ಗೊತ್ತಾಗುತ್ತದೆ, ಜೀವಕ್ಕೇ ಅಪಾಯ.

ಪ್ರಶ್ನೆ: ಕೊಳ್ಳುವಾಗ ಕೈಯಲ್ಲಿ ಕೆತ್ತಿದ್ದು ಅಂತ ಹೇಗೆ ಗುರುತಿಸಲಿ?

ಉತ್ತರ: ಬೆಳಕಿಗೆ ಹಿಡಿದು ಒಂದೇ ಒಂದು ಎಲೆ ನೋಡಿ. ನಡುವೆ ದಪ್ಪಗೆ ಹಾಲಿನಂತೆ ಬಿಳಿ, ಅಂಚಿಗೆ ಬರುತ್ತಾ ತೆಳುವಾಗಿ ಕೆಳಗಿನ ನೀಲಿ ಇಣುಕುತ್ತಾ ಹೋದರೆ ಅದು ಕೆತ್ತಿದವರ ಕೈಚಳಕ. ಬರೀ ಆಮ್ಲದಲ್ಲಿ ಮಾಡಿದ್ದಾದರೆ ಎಲೆಯೆಲ್ಲ ಒಂದೇ ದಪ್ಪ, ಅಂಚು ಮೆಟ್ಟಿಲಿನ ಹಾಗೆ ಥಟ್ಟನೆ ಇಳಿಯುತ್ತದೆ. ಬಣ್ಣ ಬಳಿದದ್ದರಲ್ಲಿ ಹೀಗೆ ಗಾಜಿನ ದಪ್ಪ ಕಾಣುವುದೇ ಇಲ್ಲ, ಭೂತಗನ್ನಡಿಯಲ್ಲಿ ಕುಂಚದ ಗೆರೆ ಸಿಕ್ಕರೂ ಸಿಗಬಹುದು.