ಊರ ಕ್ಲಬ್ಬಿಗೇ ಹಾಕು ತಂಗೀ

ಹುಬ್ಬಳ್ಳಿಯಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಮೂರು ತಿಂಗಳಾತು, ಒಂಬತ್ತು ವರ್ಷದ ಮಗಗ ಫುಟ್‌ಬಾಲ್ ಹುಚ್ಚು, ಊರ ಕ್ಲಬ್ಬಿನ ಫೀ ಇಷ್ಟ ಕಡಿಮಿ ಐತೆಲ್ಲಾ, ಅಲ್ಲೆ ಏನ ಕಲಸ್ತಾರ, ಖಾಸಗಿ ಕೋಚಿಂಗಿಗೆ ಹಾಕ್ಲೇನು ಅಂತ ಕೇಳಿದಿ.

ಕ್ಲಬ್ಬಿಗೇ ಹಾಕು. 2006ರಾಗ ಧಾರವಾಡದಿಂದ ಬಂದಾಗ ನಾನೂ ಫೀ ಕಡಿಮಿ ಅಂದ್ರ ಕಲಿಕೀನೂ ಕಡಿಮಿ ಅಂತ ತಿಳಿದಿದ್ದೆ. ನನ್ನ ಮಗಳು ಎಂಟು ವರ್ಷ ಆಡಿದ ಮ್ಯಾಲೆ ಗೊತ್ತಾತು, ಆ ಕಡಿಮಿ ಫೀನ ಈ ದೇಶದ ಆಟದ ಬೇರು.

2000ದ ಯುರೋ ಕಪ್ಪಿನೊಳಗ ಜರ್ಮನಿ ಮೂರು ಮ್ಯಾಚಿಗೆ ಒಂದ ಗೋಲ್ ಹೊಡದು ಮನಿಗೆ ಬಂತು. ಆಮ್ಯಾಲೆ ಮ್ಯಾಲಿನ ಎರಡು ಲೀಗಿನ ಕ್ಲಬ್ಬಿನವರು ಹುಡುಗರ ಅಕಾಡೆಮಿ ನಡಸಲೇಬೇಕು, ಇಲ್ಲಾಂದ್ರ ಲೈಸೆನ್ಸ್ ಇಲ್ಲ ಅಂತ ಮಾಡಿದ್ರು. 2002ರಿಂದ ಫುಟ್‌ಬಾಲ್ ಸಂಘದವರು ತಮ್ಮ ರೊಕ್ಕದಾಗ ದೇಶದ ತುಂಬ 350ಕ್ಕೂ ಹೆಚ್ಚು ತರಬೇತಿ ಕೇಂದ್ರ ತಗದ್ರು. ಸಣ್ಣ ಹಳ್ಳಿ ಕ್ಲಬ್ಬಿನ ಹುಡುಗ ಚಲೋ ಆಡಿದ್ರ ವಾರಕ್ಕೊಮ್ಮೆ ಅಲ್ಲಿ ಪುಕ್ಕಟೆ ಕಲೀತಾನ. 2014ರ ವಿಶ್ವಕಪ್ ಫೈನಲ್ಲಿನಾಗ ಗೆಲ್ಲೂ ಗೋಲ್ ಹೊಡದ ಮಾರಿಯೊ ಗೋಟ್ಸೆಗ ಆಗ 22 ವರ್ಷ. ಡಾರ್ಟ್‌ಮಂಡ್ ಕ್ಲಬ್ಬಿನ ಅಕಾಡೆಮಿಯೊಳಗ ಬೆಳದಾಂವ. ರೊಕ್ಕ ಹಾಕಿದ್ರ ಕಪ್ ಬರ್ತೈತಿ ಅಂತಲ್ಲ. 2018, 2022 ಎರಡೂ ಸಲ ಜರ್ಮನಿ ಮೊದಲ ಸುತ್ತಿನಾಗ ಹೊರಬಿತ್ತು. ಆದ್ರ ಆ ರೊಕ್ಕ ಆಡೂ ಹುಡುಗ್ರನ್ನ ಹುಡುಕೂ ಕಣ್ಣಿಗೆ ಹೋತು, ಅದು ನನಗ ದೊಡ್ಡದು.

ನಮ್ಮಣ್ಣನ ಮಗ ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಾಗ ಎಡಗಾಲಿಂದ ಹೊಡದ್ರ ಬಾಲು ಕಂಬದ ಒಳಮಗ್ಗಲಿಗೇ ತಾಗಿ ಒಳಗ ಬೀಳ್ತಿತ್ತು. ಒಂಬತ್ತನೇತ್ತಕ್ಕ ಬಂದಕೂಡ್ಲೆ ಟ್ಯೂಷನ್ ಅಂತ ಬಿಡಿಸಿದ್ರು. ಇಂವಾ ಆಡ್ತಾನ ಅಂತ ಬರ್ಕೊಳ್ಳೂ ಮನಶ್ಯಾ ಒಬ್ಬನೂ ಅಲ್ಲಿ ಇರಲಿಲ್ಲ. ಇವತ್ತಿಗೂ ನನಗ ಸಂಕಟ ಆಗ್ತೈತಿ.

ಅಮೆರಿಕಾದಾಗ ಚಲೋ ಕ್ಲಬ್ಬಿಗೆ ವರ್ಷಕ್ಕ ಸಾವಿರಾರು ಡಾಲರ್ ಎಣಸಬೇಕು. ಕೊಡಾಕ ಆಗದವರ ಮಕ್ಕಳು ಹೊರಗ ಉಳೀತಾರ.

ಇಲ್ಲಿ ಮಗಳಿಗೆ ಕಲಸಿದಾಂವ ಕರೆಂಟಿನ ಕೆಲಸದಾಂವ. ಸಂಜಿಕೆ ಅದ ದಪ್ಪ ಬೂಟಿನಾಗ ಬಂದು ಸಣ್ಣ ಗೋಲು ನಾಲ್ಕು ನಿಲ್ಲಿಸಿ, ಮೂರ ಮೂರ ಮಂದಿ ಮಾಡಿ ಆಡಸ್ತಿದ್ದ. ಸಂಬಳ ಇಲ್ಲ. ಪಂದ್ಯ ಇದ್ದ ಶನಿವಾರ ತಾಯಂದಿರು ಕೇಕ್ ಮಾರಿ ಬಾಲಿನ ರೊಕ್ಕ ಕೂಡಸ್ತಾರ; ನಾ ರವೆ ಉಂಡಿ ಒಯ್ತಿದ್ದೆ. ನಿನಗೂ ಪಾಳಿ ಬರ್ತೈತಿ, ಇಲ್ಲ ಅನಬ್ಯಾಡ. ಅಲ್ಲೇ ನಿನಗ ಮಂದಿ ಪರಿಚಯ ಆಗೂದು.

ಬೂಟು ಹೊಸಾವು ಕೊಳ್ಳಬ್ಯಾಡ, ವರ್ಷದೊಳಗ ಸಣ್ಣ ಆಗ್ತಾವು. ಮಳ್ಯಾಗೂ ಪ್ರಾಕ್ಟೀಸ್ ನಿಲ್ಲಸೂದಿಲ್ಲ, ಇನ್ನೊಂದ ಜೋಡಿ ಸಾಕ್ಸ್ ಚೀಲದಾಗ ಇಟ್ಟು ಕಳಸು.